ಗುಳಿಗೆ ಬಿಡಬೇಡ ಪುಟ್ಟಿ

ದಾವಣಗೆರೆ

ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಹೇಳಿದ ಒಂದು ಮಾತು ರಾತ್ರಿಯೆಲ್ಲ ಕೊರೆಯಿತು. ಡಾಕ್ಟರ್ ಬರೆದುಕೊಟ್ಟ ಆಸ್ಪಿರಿನ್ ಗುಳಿಗೆ ಬಿಟ್ಟು ಮೂರು ದಿನವಾಯಿತಂತೆ. "ಬಸಿರಲ್ಲಿ ರಕ್ತ ತೆಳು ಮಾಡೋ ಮಾತ್ರೆ ಯಾಕೆ" ಅಂತ ಪಕ್ಕದ ಮನೆಯವರು ಅಂದರಂತೆ.

ನೀನು ಹುಟ್ಟಿದಾಗಿನ ಕತೆ ನಿನಗೆ ಪೂರ್ತಿ ಗೊತ್ತಿಲ್ಲ. ನಿನ್ನಮ್ಮನಿಗೆ, ಅಂದರೆ ನನ್ನ ಅಕ್ಕನಿಗೆ, ಮುಖ, ಕೈ ಊದಿತ್ತು. ಬಸುರಿ ಅಂದಮೇಲೆ ನೀರು ತುಂಬಿಕೊಳ್ಳುತ್ತೆ ಅಂತ ನಾವೆಲ್ಲ ಸುಮ್ನಿದ್ದೆವು. ತಲೆನೋವು ಅಂದಾಗ ಶುಂಠಿ ಅರೆದು ಹಚ್ಚಿದೆವು. ಎಂಟನೇ ತಿಂಗಳಲ್ಲಿ ಬೆಳಗಿನ ಜಾವ ಫಿಟ್ಸ್ ಬಂತು. ಆಸ್ಪತ್ರೆಯಲ್ಲಿ ಗರ್ಭನಂಜು ಅಂದರು. ನಂಜು ಅಂದದ್ದೇ ತಡ, "ಏನು ತಿಂದಳೋ" ಅಂತ ಓಣಿಯೆಲ್ಲ ಮಾತಾಡಿತು.

ಅದರಲ್ಲಿ ವಿಷವೂ ಇಲ್ಲ, ತಿಂದದ್ದರ ತಪ್ಪೂ ಇಲ್ಲ. ಕಾಲೇಜಿನಲ್ಲಿ ಬಯಾಲಜಿ ಹೇಳಿಕೊಟ್ಟವಳು ನಾನು, ಸ್ವಲ್ಪ ತಾಳ್ಮೆಯಿಂದ ಕೇಳು. ನಮ್ಮ ಮೈಯಲ್ಲಿ ಹುಟ್ಟಿನಿಂದಲೇ ಕೆಲವು ಕಾವಲು ಕೋಶಗಳಿರುತ್ತವೆ. ಲಸಿಕೆಯಿಂದ ಕಲಿತು ಬಂದವಲ್ಲ. ಅವುಗಳಲ್ಲಿ ಒಂದು ಬಗೆಗೆ ನ್ಯಾಚುರಲ್ ಕಿಲ್ಲರ್ ಅಂತ ಹೆಸರು. ಬಸಿರಿನ ಮೊದಲ ತಿಂಗಳುಗಳಲ್ಲಿ ಗರ್ಭಕೋಶದ ಒಳಪದರದ ಬಿಳಿ ರಕ್ತಕಣಗಳಲ್ಲಿ ನೂರಕ್ಕೆ ಸುಮಾರು 70 ಭಾಗ ಇವೇ. ಹೆಸರು ಕೊಲ್ಲುವುದಾದರೂ ಅಲ್ಲಿ ಅವು ಮಾಡುವುದು ಸಾಕುವ ಕೆಲಸ. ಮಗುವಿಗೆ ಆಹಾರ ಮುಟ್ಟಿಸುವ ಮಾಸಿನ (ಪ್ಲಾಸೆಂಟಾ) ಕೋಶಗಳ ಜೊತೆ ಸೇರಿ ತಾಯಿಯ ಸಣ್ಣ ರಕ್ತನಾಳಗಳನ್ನು ಅಗಲ ಮಾಡಿಕೊಡುತ್ತವೆ.

ಭದ್ರಾ ಕಾಲುವೆ ನೆನಪಿಸಿಕೊ. ಮೇಲೆ ನೀರಿದ್ದರೂ ಕಾಲುವೆ ಸರಿಯಿಲ್ಲದಿದ್ದರೆ ನಮ್ಮ ಕೊನೆ ಭಾಗದ ಗದ್ದೆಗೆ ಬರುವುದಿಲ್ಲ, ಅಲ್ವಾ? ಹಾಗೇ ನಾಳ ಅಗಲವಾಗದಿದ್ದರೆ ಮಾಸು ಬಳಲುತ್ತದೆ. ಬಳಲಿದ ಮಾಸಿನಿಂದ ಚೂರುಪಾರು, ಬೇಡದ ಪ್ರೋಟೀನುಗಳು ತಾಯಿಯ ರಕ್ತಕ್ಕೆ ಸೇರುತ್ತವೆ. ಆಗ ಕಾವಲು ಕೋಶಗಳೇ ಕೆರಳುತ್ತವೆ, ನಾಳಗಳ ಒಳಗೋಡೆ ಕೆಡುತ್ತದೆ. ಬಿಪಿ ಏರುತ್ತದೆ, ಕಿಡ್ನಿಯಿಂದ ಪ್ರೋಟೀನ್ ಸೋರುತ್ತದೆ. ಗರ್ಭನಂಜು ಅನ್ನುವುದು ಇದನ್ನೇ.

ಮಗುವಿನ ಕೋಶಗಳ ಗುರುತಿನಲ್ಲಿ ಅರ್ಧ ಅಪ್ಪನದು. ತಾಯಿಯ ಕಾವಲು ಕೋಶಕ್ಕೂ ಮಗುವಿನ ಗುರುತಿಗೂ ಕೆಲವು ಜೋಡಿಯಲ್ಲಿ ಹೊಂದಿಕೆ ಕಡಿಮೆ, ಅಂಥಲ್ಲಿ ಗರ್ಭನಂಜು ಜಾಸ್ತಿ ಅಂತ 2004ರಲ್ಲಿ ಕೇಂಬ್ರಿಡ್ಜಿನವರು ತೋರಿಸಿದರು. ಯಾರನ್ನು ಬೈಯೋಣ ಹೇಳು?

ಗೊತ್ತಾಯಿತಲ್ಲ, ಬಿಪಿ ಕಾಣುವುದು 20 ವಾರ ಕಳೆದ ಮೇಲಾದರೂ ಬೇರು ಮೊದಲ ತಿಂಗಳುಗಳಲ್ಲೇ ಇದೆ. ನಿನಗೀಗ 14 ವಾರ. ತಾಯಿಗೆ ಆಗಿದ್ದರೆ ಮಗಳಿಗೆ ಅಪಾಯ ಜಾಸ್ತಿ, ಅದಕ್ಕೇ ಡಾಕ್ಟರ್ ಈಗಲೇ ಗುಳಿಗೆ ಬರೆದದ್ದು. ಅಪಾಯ ಹೆಚ್ಚಿದ್ದ ಬಸುರಿಯರಿಗೆ ಹೀಗೆ ಬೇಗ ಶುರುಮಾಡಿ ಕೊಟ್ಟಾಗ, 37 ವಾರದೊಳಗೆ ಬರುವ ಗರ್ಭನಂಜು ಅರ್ಧಕ್ಕಿಂತಲೂ ಕೆಳಗಿಳಿಯಿತು ಅಂತ 2017ರ ದೊಡ್ಡ ಅಧ್ಯಯನವೊಂದು ತೋರಿಸಿದೆ. ಇವತ್ತೇ ಡಾಕ್ಟರಿಗೆ ಫೋನ್ ಮಾಡು. ಬಿಟ್ಟದ್ದನ್ನು ಮುಚ್ಚಿಡದೆ ಹೇಳು.

ಚೆನ್ನಾಗಿದ್ದೇನೆ ಅಂತ ಬಿಪಿ ನೋಡಿಸುವುದು ತಪ್ಪಿಸಬೇಡ. ಪ್ರತಿ ತಿಂಗಳು 9ಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ, ತಾಯಿ ಕಾರ್ಡ್ ತೆಗೆದುಕೊಂಡು ಹೋಗು. ಬಿಪಿ 140/90 ಮುಟ್ಟಿದರೆ ಅವತ್ತೇ ಡಾಕ್ಟರಿಗೆ ಹೇಳು. ಬಿಡದ ತಲೆನೋವು, ಕಣ್ಣಿಗೆ ಮಿಂಚು ಹೊಡೆದ ಹಾಗೆ ಆಗುವುದು, ಬಲ ಪಕ್ಕೆಲುಬಿನ ಕೆಳಗೆ ನೋವು, ದಿಢೀರನೆ ಮುಖ ಊದುವುದು, ಇವು ಬಂದರೆ ರಾತ್ರಿಯಾದರೂ ಹೊರಡು. ಹೆರಿಗೆಯಾದ ಮೇಲೂ ಬರಬಹುದು, ಬಾಣಂತನದಲ್ಲೂ ಮರೆಯಬೇಡ.

ಕುಬಸಕ್ಕೆ ಹಸಿರು ಬಳೆ ತೊಡಿಸಲು ನಾನೇ ಚಿತ್ರದುರ್ಗಕ್ಕೆ ಬರುತ್ತೇನೆ. ಈ ಕಾಗದವನ್ನು ಅಮ್ಮನಿಗೂ ಓದಿ ಹೇಳು. ಅದು ತನ್ನದೇ ತಪ್ಪು ಅಂತ ಅವಳು ಇವತ್ತಿಗೂ ಅಂದುಕೊಂಡಿದ್ದಾಳೆ.

ನಿನ್ನ ಚಿಕ್ಕಮ್ಮ