ಹಳೆ ಮನೆ: ಕಟ್ಟಡವನ್ನೂ ತಪಾಸಣೆ ಮಾಡಿಸಿ

ಮಾನ್ಯರೇ,

ಹಳೆ ಮನೆ ಕೊಳ್ಳುವವರು ಕಾಗದಪತ್ರಗಳನ್ನು ವಕೀಲರಿಗೆ ತೋರಿಸುತ್ತಾರೆ, ಕಟ್ಟಡವನ್ನು ಎಂಜಿನಿಯರಿಗೆ ತೋರಿಸುವುದಿಲ್ಲ. ಹೊಸ ಬಣ್ಣದ ಹಿಂದೆ ಸೋರುವ ತಾರಸಿ, ತುಕ್ಕು ಹಿಡಿದ ಕಂಬಿ ಅಡಗಿರಬಹುದು. ತುಕ್ಕಿನಿಂದ ಕಂಬಿ ಉಬ್ಬಿ ಕಾಂಕ್ರೀಟನ್ನೇ ಸೀಳುತ್ತದೆ. ಮೇಲೆ ಪ್ಲಾಸ್ಟರ್ ಮೆತ್ತಿದರೆ ಮತ್ತೆ ಉದುರುತ್ತದೆ. ಸಡಿಲ ಭಾಗ ಕೆತ್ತಿ, ಕಂಬಿ ಉಜ್ಜಿ, ತುಕ್ಕುನಿರೋಧಕ ಬಳಿದು, ಪಾಲಿಮರ್ ಬೆರೆಸಿದ ಸಿಮೆಂಟ್ ಗಾರೆ ತುಂಬಬೇಕು. ಖರ್ಚು ಸಣ್ಣದಲ್ಲ.

‘ತಪಾಸಣೆಯಲ್ಲಿ ದೋಷ ಕಂಡರೆ ಬೆಲೆ ಇಳಿಕೆ, ಇಲ್ಲವೇ ಮುಂಗಡ ವಾಪಸ್’ ಎಂದು ಕರಾರಿನಲ್ಲೇ ಬರೆಸಿ. ಎಂಜಿನಿಯರ್ ವರದಿಯ ಜೊತೆ ದುರಸ್ತಿ ಖರ್ಚಿನ ಬಗ್ಗೆ ಇಬ್ಬರು ಗುತ್ತಿಗೆದಾರರ ಲಿಖಿತ ಅಂದಾಜನ್ನು ಮಾರುವವರ ಮುಂದಿಡಿ. ಬಣ್ಣ, ನಲ್ಲಿಗಳಿಗೆ ಚೌಕಾಸಿ ಬೇಡ, ಮುಖ್ಯ ಮಾತು ಸಡಿಲವಾಗುತ್ತದೆ. ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ, ಆದರೆ ತಮಗೆ ಗೊತ್ತಿರುವ ಗಂಭೀರ ದೋಷವನ್ನು ಮಾರುವವರು ತಿಳಿಸಲೇಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತದೆ.

– ಸಿವಿಲ್ ಎಂಜಿನಿಯರ್, ಮೈಸೂರು