ರೀಮೇಕ್ ನೋಡಿ ವಿಲನ್ ಬಗ್ಗೆ ಮಾತಾಡೋರೇ ಎಲ್ಲಾ, ಆ ಮನೆಯವರ ಗತಿ ಏನು?

ಮಾನ್ಯ ಸಂಪಾದಕರೇ,

ನಿಮ್ಮ ಸಿನಿಮಾ ಪುರವಣಿಲಿ ಹಳೇ ಹಾಲಿವುಡ್ ಥ್ರಿಲ್ಲರ್‌ಗಳ ರೀಮೇಕ್ ಬಗ್ಗೆ ಓದುಗರು ಬರೆದ ಅಭಿಪ್ರಾಯಗಳನ್ನ ಪೂರ್ತಿ ಓದಿದೆ. ಅದ್ರಲ್ಲಿ 'ಡೆಸ್ಪರೇಟ್ ಅವರ್ಸ್' ಬಗ್ಗೆನೇ ಜಾಸ್ತಿ ಮಾತು ಇತ್ತು, ಅದಕ್ಕೇ ಈ ಪತ್ರ. ಒಬ್ರು 1955ರ ಮೂಲ ಸಿನಿಮಾದ ವಿಲನ್ ಹಂಫ್ರಿ ಬೋಗಾರ್ಟ್ ಮುಂದೆ 1990ರ ರೀಮೇಕಿನ ವಿಲನ್ ಮಿಕಿ ರೂರ್ಕ್ ಯಾವ ಲೆಕ್ಕ ಅಂದಿದ್ದಾರೆ, ಇನ್ನೊಬ್ರು ಬೋಗಾರ್ಟ್‌ಗೆ ಆಗ್ಲೇ ವಯಸ್ಸಾಗಿತ್ತು, ರೂರ್ಕ್ ಕಣ್ಣಲ್ಲಿ ನಿಜವಾದ ಹುಚ್ಚು ಕಾಣ್ಸುತ್ತೆ ಅಂದಿದ್ದಾರೆ, ಮತ್ತೊಬ್ರು ಹಳೇದು ತುಂಬಾ ಸ್ಲೋ, ರಕ್ತಾನೇ ಇಲ್ಲ, ಇದನ್ನ ಥ್ರಿಲ್ಲರ್ ಅಂತ ಹೆಂಗೆ ಕರೀತೀರಿ ಅಂತ ಕೇಳಿದ್ದಾರೆ. ಎಲ್ಲಾ ಓದಿ ಮುಗಿಸಿದ್ಮೇಲೆ ನೋಡಿದ್ರೆ ಅಷ್ಟೂ ಜನ ಮಾತಾಡಿರೋದು ಮನೆಗೆ ನುಗ್ಗಿದವನ ಬಗ್ಗೆ. ಒಳಗೆ ಸಿಕ್ಕಾಕೊಂಡಿರೋ ಅಪ್ಪ ಅಮ್ಮ ಮಕ್ಕಳ ಬಗ್ಗೆ ಒಂದೇ ಒಂದು ಸಾಲಿಲ್ಲ. ರೀಮೇಕ್ ಯಾಕೆ ಸೋತಿತು ಅನ್ನೋದಕ್ಕೆ ಉತ್ತರ ಇರೋದೇ ಅವರಲ್ಲಿ ಅಂತ ನನ್ನ ನಂಬಿಕೆ.

ನೋಡದೇ ಇರೋರಿಗೆ ಕಥೆ ಚಿಕ್ಕದಾಗಿ ಹೇಳ್ತೀನಿ. ಜೈಲಿಂದ ತಪ್ಪಿಸ್ಕೊಂಡ ಮೂರು ಜನ, ಅದ್ರಲ್ಲಿ ಇಬ್ರು ಅಣ್ಣತಮ್ಮ, ಒಂದು ಸಾಧಾರಣ ಮನೆಗೆ ನುಗ್ಗಿ ಅಲ್ಲಿ ಅಡಗಿಕೊಳ್ತಾರೆ. ದುಡ್ಡು ತರೋ ಹೆಂಗಸು ಬರೋ ತನಕ ಕಾಯ್ಬೇಕು. ಅಲ್ಲಿವರೆಗೂ ಹೊರಗಿನವರಿಗೆ ಚೂರೂ ಅನುಮಾನ ಬರಬಾರ್ದು. ವಿಲಿಯಂ ವೈಲರ್ ನಿರ್ದೇಶನದ 1955ರ ಸಿನಿಮಾದಲ್ಲಿ ಆ ಮನೆಯನ್ನೇ ಯಾಕೆ ಆರಿಸ್ಕೊಳ್ತಾರೆ ಗೊತ್ತಾ, ಹೊರಗೆ ಹುಲ್ಲಿನ ಮೇಲೆ ಒಂದು ಸಣ್ಣ ಹುಡುಗನ ಸೈಕಲ್ ಬಿದ್ದಿರುತ್ತೆ. ಚಿಕ್ಕ ಮಗು ಇರೋ ಮನೆ ಅಂದ್ರೆ ಅಪ್ಪ ಅಮ್ಮ ಹುಚ್ಚು ಧೈರ್ಯ ಮಾಡಲ್ಲ, ಹೇಳಿದ್ದು ಕೇಳ್ತಾರೆ ಅನ್ನೋ ಲೆಕ್ಕಾಚಾರ. ಒಂದು ಡೈಲಾಗ್‌ಗೆ ಮುಂಚೆನೇ ಆ ಸೈಕಲ್ ನೋಡಿ ನನ್ನ ಹೊಟ್ಟೆ ಹಿಂಡಿದಂಗಾಯ್ತು.

ಆಮೇಲಿಂದ ಸಿನಿಮಾ ಪೂರ್ತಿ ಇಂಥ ದಿನನಿತ್ಯದ ಸಂಗತಿಗಳ ಮೇಲೇ ನಡಿಯುತ್ತೆ. ಫೋನ್ ರಿಂಗ್ ಆದ್ರೆ ಎತ್ತಬೇಕು, ದನಿ ನಡುಗಬಾರ್ದು. ಮಗನ ಟೀಚರ್ ಮನೆಗೆ ಬರ್ತಾರೆ, ನಗ್ತಾ ಮಾತಾಡಿ ಕಳಿಸ್ಬೇಕು. ಕಸ ತಗೊಂಡು ಹೋಗೋ ವಯಸ್ಸಾದ ಮನುಷ್ಯ ಬರ್ತಾನೆ, ಪಾಪ ಗ್ಯಾರೇಜಲ್ಲಿ ಕಾಣಬಾರದ ಕಾರು ಅವನ ಕಣ್ಣಿಗೆ ಬೀಳುತ್ತೆ, ಅದೇ ಅವನ ಪ್ರಾಣ ತೆಗೆಯುತ್ತೆ. ಅಪ್ಪನ ಪಾತ್ರ ಮಾಡಿರೋ ಫ್ರೆಡ್ರಿಕ್ ಮಾರ್ಚ್ ಹೆಂಡತಿ ಮಗನನ್ನ ಕಳ್ಳರ ಕೈಲಿ ಬಿಟ್ಟು ಎಂದಿನಂತೆ ಆಫೀಸಿಗೆ ಹೋಗಿ ಬರಬೇಕಾಗುತ್ತೆ, ಹೋಗದೇ ಇದ್ರೆ ಅಕ್ಕಪಕ್ಕದವರಿಗೆ ಅನುಮಾನ ಬರುತ್ತಲ್ಲ. ನಿಮ್ಮ ಮನೇಲಿ ಪಿಸ್ತೂಲ್ ಹಿಡಿದವನು ಸೋಫಾ ಮೇಲೆ ಕೂತಿದ್ದಾನೆ, ನೀವು ಟೈ ಕಟ್ಕೊಂಡು ಡ್ಯೂಟಿಗೆ ಹೊರಡಬೇಕು. ಹಳೇದು ಸ್ಲೋ ಅಂದ ಓದುಗರು ದಯವಿಟ್ಟು ಆ ಭಾಗ ಒಂದ್ಸಲ ಮತ್ತೆ ನೋಡಿ. ಅಲ್ಲಿ ಯಾರೂ ಯಾರಿಗೂ ಹೊಡಿಯಲ್ಲ, ಆದ್ರೂ ಉಸಿರು ಬಿಗಿ ಹಿಡ್ಕೊಂಡು ಕೂತಿರ್ತೀವಿ.

ಈಗ ರೀಮೇಕ್ ವಿಷಯ. ನಿರ್ದೇಶಕ ಮೈಕೆಲ್ ಚಿಮಿನೋ ಏನು ಕಮ್ಮಿ ಮನುಷ್ಯ ಅಲ್ಲ, 1978ರ 'ದಿ ಡಿಯರ್ ಹಂಟರ್'ಗೆ ಆಸ್ಕರ್ ತಗೊಂಡವರು. ಅವರ ರೀಮೇಕಲ್ಲಿ ಕಥೆ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಗೆ ಹೋಗುತ್ತೆ, ಮನೆ ಯಜಮಾನ ಆಂಥನಿ ಹಾಪ್ಕಿನ್ಸ್, ಹೆಂಡತಿ ಮಿಮಿ ರಾಜರ್ಸ್. ಒಂದು ಬದಲಾವಣೆ ನನಗೆ ಮನಸಾರೆ ಇಷ್ಟ ಆಯ್ತು, ಅದನ್ನ ಯಾವ ಓದುಗರೂ ಗಮನಿಸಿಲ್ಲ. ಇಲ್ಲಿ ಗಂಡ ಹೆಂಡತಿ ಬೇರೆ ಬೇರೆ ಇದ್ದಾರೆ, ಗಂಡ ಇನ್ನೊಬ್ಬಳ ಹಿಂದೆ ಹೋಗಿದ್ದವನು, ಮನೆ ಮುಂದೆ 'ಮಾರಾಟಕ್ಕಿದೆ' ಅನ್ನೋ ಬೋರ್ಡ್ ಇದೆ, ಕಳ್ಳರು ಬರೋದೂ ಆ ಬೋರ್ಡ್ ಇರೋ ಮನೆಗೇ. ಅಂದ್ರೆ ಒಳಗಿಂದ ಆಗ್ಲೇ ಮುರಿದಿರೋ ಮನೆ. ಎಂಥಾ ಒಳ್ಳೇ ಐಡಿಯಾ ನೋಡಿ! 1955ರಲ್ಲಿ ಒಂದಾಗಿದ್ದ ಸಂಸಾರಕ್ಕೆ ಹೊರಗಿಂದ ಅಪಾಯ ಬಂತು, 1990ರಲ್ಲಿ ಸಂಸಾರವೇ ಒಂದಾಗಿಲ್ಲ, ಹಾಗಿದ್ಮೇಲೆ ಈ ಮನುಷ್ಯ ಯಾರನ್ನ ಉಳಿಸೋಕೆ ಪ್ರಾಣ ಕೊಡ್ತಾನೆ, ಹೆಂಡತಿ ಅವನನ್ನ ನಂಬ್ತಾಳಾ, ಮಕ್ಕಳು ನಂಬ್ತಾರಾ?

ಆ ಪ್ರಶ್ನೆ ಕೇಳಿ ಸಿನಿಮಾ ಉತ್ತರ ಕೊಡದೇ ಎದ್ದು ಹೊರಗೆ ಹೋಗಿಬಿಡುತ್ತೆ. ಕ್ಯಾಮೆರಾ ಮನೆ ಬಿಟ್ಟು ಬೆಟ್ಟ, ಹೊಳೆ, ಹೆದ್ದಾರಿ ಅಂತ ಸುತ್ತುತ್ತೆ. ಡೇವಿಡ್ ಮೋರ್ಸ್ ಮಾಡಿರೋ ಪಾತ್ರ ತಂಡ ಬಿಟ್ಟು ಹೋಗಿ ನೀರಿನ ಮಧ್ಯೆ ಪೊಲೀಸರ ಗುಂಡಿಗೆ ಸಾಯೋ ದೃಶ್ಯ ಇದೆಯಲ್ಲ, ನೋಡೋಕೆ ಚೆನ್ನಾಗಿದೆ, ಸುಳ್ಳು ಹೇಳಲ್ಲ, ಆದ್ರೆ ಅಷ್ಟು ಹೊತ್ತು ಮನೆಯೊಳಗೆ ಆ ತಾಯಿ ಮಕ್ಕಳು ಏನು ಮಾಡ್ತಿದ್ರು? ಬಾಗಿಲು ತೆಗೆದಿಟ್ಟ ಫ್ರಿಜ್ಜಲ್ಲಿ ತಂಪು ನಿಲ್ಲದ ಹಾಗೆ, ಕಟ್ಟಿದ ಭಯ ಎಲ್ಲಾ ಹೊರಗೆ ಹೋಗಿಬಿಡುತ್ತೆ. ಒತ್ತೆಯಾಳು ಕಥೆಲಿ ನೋಡುಗನೂ ಒಬ್ಬ ಒತ್ತೆಯಾಳು ಆಗ್ಬೇಕು, ಅವರಿಗೆ ಹೊರಗೆ ಹೋಗೋಕೆ ಆಗಲ್ಲ ಅಂದ್ರೆ ನಮಗೂ ಆಗಬಾರ್ದು. ವೈಲರ್ ಸಿನಿಮಾದಲ್ಲೂ ಪೊಲೀಸರ ದೃಶ್ಯಗಳಿವೆ, ಆದ್ರೆ ಪ್ರತಿ ಸಲ ಮನೆಗೆ ವಾಪಸ್ ಬಂದಾಗ ಒಳಗಿನ ಬಿಗಿ ಇನ್ನೊಂದು ಸುತ್ತು ಜಾಸ್ತಿ ಆಗಿರುತ್ತೆ.

ಆಕ್ಟಿಂಗ್ ಬಗ್ಗೆ ಬಂದಿರೋ ಜಗಳಕ್ಕೂ ನನ್ನ ಎರಡು ಮಾತು. ರೂರ್ಕ್ ಆ ವರ್ಷ ಈ ಸಿನಿಮಾಗೆ ರ‍್ಯಾಜ್ಜಿ ಪ್ರಶಸ್ತಿಗೆ, ಅಂದ್ರೆ ಕೆಟ್ಟ ನಟನೆಗೆ ಕೊಡೋ ಪ್ರಶಸ್ತಿಗೆ ನಾಮಿನೇಟ್ ಆಗಿದ್ದು ನಿಜ, ಆದ್ರೆ ತಪ್ಪೆಲ್ಲಾ ಅವರ ತಲೆ ಮೇಲೆ ಹಾಕೋದು ಅನ್ಯಾಯ. ಅವನು ಕೂಗಾಡ್ದಾಗ ಎದುರಿಗೆ ಕೂತವರ ಮುಖ ನಮಗೆ ಸಾಕಷ್ಟು ತೋರಿಸದೇ ಇದ್ರೆ ಆ ಕೂಗಾಟ ಬರೀ ಸೌಂಡ್ ಆಗುತ್ತೆ. ಬೋಗಾರ್ಟ್‌ಗೆ ವಯಸ್ಸಾಗಿತ್ತು ಅನ್ನೋದೂ ನಿಜ, 55 ದಾಟಿತ್ತು, ಅದೇ ವರ್ಷ ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರದಲ್ಲಿ ಇದೇ ಕಥೆಯ ನಾಟಕದಲ್ಲಿ ಆ ಪಾತ್ರ ಮಾಡ್ತಿದ್ದ ಪಾಲ್ ನ್ಯೂಮನ್‌ಗೆ 30 ವರ್ಷ. ಆದ್ರೆ ಆ ವಯಸ್ಸಿಂದ ಸಿನಿಮಾಗೆ ಒಂದು ಲಾಭ ಆಯ್ತು. ಸೋತು ಸುಣ್ಣ ಆದ ಮನುಷ್ಯನೊಬ್ಬ ಇನ್ನೊಬ್ಬರ ಅಚ್ಚುಕಟ್ಟಾದ ಮನೆ, ಕಾರ್ಪೆಟ್, ಊಟದ ಟೇಬಲ್ ನೋಡಿ ಹೊಟ್ಟೆ ಉರ್ಕೊಳ್ಳೋದು ಅವನ ಮುಖದಲ್ಲೇ ಕಾಣುತ್ತೆ. ಇನ್ನು ಹಾಪ್ಕಿನ್ಸ್ ವಿಷಯದಲ್ಲಿ ಮಾತ್ರ ಬೇಜಾರು ಆಗುತ್ತೆ, ಮುಂದಿನ ವರ್ಷ 'ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್' ಬಂದಾಗ ಬರೀ ನಿಂತು ನೋಡೋದ್ರಲ್ಲೇ ಜನರನ್ನ ನಡುಗಿಸಿದ ನಟ ಇವರು.

ರಕ್ತ ಇಲ್ಲ ಅಂತ ದೂರಿದವರಿಗೆ ಇನ್ನೊಂದು ಹೇಳ್ಬೇಕು. ಮೈಕೆಲ್ ಹನೆಕೆ ತಮ್ಮದೇ 'ಫನ್ನಿ ಗೇಮ್ಸ್' ಸಿನಿಮಾನ, 1997ರಲ್ಲಿ ಆಸ್ಟ್ರಿಯಾದಲ್ಲಿ ಮಾಡಿದ್ದನ್ನ, 2007ರಲ್ಲಿ ಇಂಗ್ಲಿಷಲ್ಲಿ ಹೆಚ್ಚೂಕಮ್ಮಿ ಶಾಟ್‌ಗೆ ಶಾಟ್ ಮತ್ತೆ ಮಾಡಿದ್ರು. ಅದೂ ಮನೆಗೆ ನುಗ್ಗಿ ಸಂಸಾರವನ್ನ ಒತ್ತೆ ಇಟ್ಕೊಳ್ಳೋ ಕಥೆನೇ. ಅಲ್ಲಿ ಹಿಂಸೆ ಬಹುಪಾಲು ಫ್ರೇಮ್ ಆಚೆ ನಡಿಯುತ್ತೆ, ನುಗ್ಗಿದವನು ಕ್ಯಾಮೆರಾ ಕಡೆ ತಿರುಗಿ ನೋಡುಗರನ್ನೇ ಮಾತಾಡಿಸ್ತಾನೆ. ಇನ್ನೂ ಬೇಕಾ ಅಂತ ನಮ್ಮನ್ನೇ ಕೇಳಿದ ಹಾಗಿರುತ್ತೆ. ನೋಡಿ ಸಿಟ್ಟಾಗಿ ಎದ್ದು ಹೋಗೋರು ಇದ್ದಾರೆ, ನನಗೂ ಅದು ಪ್ರೀತಿಯ ಸಿನಿಮಾ ಏನಲ್ಲ, ಆದ್ರೆ ಆ ಪ್ರಶ್ನೆ ಮಾತ್ರ ಸರಿಯಾಗಿದೆ.

ಈಗ ನಾನು ಮುಖ್ಯವಾಗಿ ಹೇಳ್ಬೇಕು ಅಂದ್ಕೊಂಡಿದ್ದ ವಿಷಯ. ಈ ಕಥೆ ಹಿಂದೆ ನಿಜವಾದ ಒಂದು ಸಂಸಾರ ಇದೆ. 1952ರ ಸೆಪ್ಟೆಂಬರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ವೈಟ್‌ಮಾರ್ಶ್ ಅನ್ನೋ ಕಡೆ ಜೈಲಿಂದ ಓಡಿಬಂದ ಮೂವರು ಒಂದು ಮನೆಗೆ ನುಗ್ಗಿ ಗಂಡ, ಹೆಂಡತಿ, ಐದು ಮಕ್ಕಳನ್ನ 19 ಗಂಟೆ ಹಿಡಿದಿಟ್ಟಿದ್ರು. ಯಾರಿಗೂ ಏನೂ ಮಾಡಲಿಲ್ಲ, ಹೊರಟುಹೋದ್ರು. ಆ ಯಜಮಾನ ರಿಪೋರ್ಟರ್‌ಗಳಿಗೆ ಹೇಳಿದ್ದೂ ಅದನ್ನೇ, ಅವರು ಮರ್ಯಾದೆಯಿಂದ ನಡ್ಕೊಂಡ್ರು, ಹೊಡೆಯೋದು ಬಡಿಯೋದು ಮಾಡಲಿಲ್ಲ ಅಂತ. ಪ್ರಚಾರದ ಕಾಟ ತಾಳಲಾರದೆ ಆ ಮನೆಯವರು ಊರೇ ಬಿಟ್ಟು ಕನೆಕ್ಟಿಕಟ್‌ಗೆ ಹೋದ್ರು. 1954ರಲ್ಲಿ ಜೋಸೆಫ್ ಹೇಯ್ಸ್ ಬರೆದ 'ಡೆಸ್ಪರೇಟ್ ಅವರ್ಸ್' ಕಾದಂಬರಿ ಬಂತು, ಅದ್ರಲ್ಲಿ ಅಪ್ಪ ಮಗನಿಗೆ ಏಟು ಬೀಳುತ್ತೆ, ಮಗಳಿಗೆ ಅಸಹ್ಯವಾದ ಮಾತಾಡ್ತಾರೆ. ಅದು ನಾಟಕ ಆಯ್ತು. 1955ರ ಫೆಬ್ರವರಿಲಿ 'ಲೈಫ್' ಪತ್ರಿಕೆಯವರು ನಾಟಕದ ನಟರನ್ನ ಆ ಸಂಸಾರ ಮುಂಚೆ ಇದ್ದ ಅದೇ ಮನೆಗೆ ಕರ್ಕೊಂಡು ಹೋಗಿ, ಹುಡುಗನನ್ನ ಎಳೆದಾಡೋ ಹಾಗೆ, ಮಗಳು ಕಳ್ಳನ ಕೈ ಕಚ್ಚೋ ಹಾಗೆ ಪೋಸ್ ಕೊಡಿಸಿ ಫೋಟೋ ತೆಗೆದು, ಈ ಸಂಸಾರಕ್ಕೆ ಆಗಿದ್ದೇ ಇದು ಅನ್ನೋ ರೀತಿಲಿ ಹಾಕಿಬಿಟ್ರು.

ಒಂದು ಕ್ಷಣ ಯೋಚ್ನೆ ಮಾಡಿ. ನಿಮ್ಮ ಮಗಳಿಗೆ ಆಗದೇ ಇರೋದು ಆಗಿದೆ ಅಂತ ಇಡೀ ದೇಶ ಓದ್ತಾ ಇದೆ, ಹೊಸ ಊರಲ್ಲಿ ಹೊಸ ಸ್ಕೂಲಿಗೆ ಹೋಗೋ ಮಕ್ಕಳು ಎಲ್ಲರ ಕಣ್ಣಿಗೂ ಬೀಳ್ತಾರೆ. ಅವರು ಕೋರ್ಟಿಗೆ ಹೋದ್ರು. ಕೆಳಗಿನ ಕೋರ್ಟಲ್ಲಿ ಗೆದ್ರು, ಕೇಸ್ ಸುಪ್ರೀಂ ಕೋರ್ಟ್ ತನಕ ಹೋಯ್ತು, ಅಲ್ಲಿ ಅವರ ಪರ ವಾದ ಮಾಡಿದವರು ಆಮೇಲೆ ಅಮೆರಿಕದ ಅಧ್ಯಕ್ಷರಾದ ರಿಚರ್ಡ್ ನಿಕ್ಸನ್. 1967ರಲ್ಲಿ ತೀರ್ಪು ಬಂದಾಗ ಪತ್ರಿಕೆ ಕಡೆಗೇ ವಾಲಿತು, ಸುದ್ದಿಯಾಗೋ ವಿಷಯದಲ್ಲಿ ಬರೆದಿದ್ದು ಸುಳ್ಳು ಅಂತ ಗೊತ್ತಿದ್ದೇ ಬರೆದ್ರು ಅಥವಾ ಸುಳ್ಳೋ ನಿಜವೋ ಅನ್ನೋದನ್ನ ಲೆಕ್ಕಿಸದೇ ಬರೆದ್ರು ಅಂತ ತೋರಿಸಿದ್ರೆ ಮಾತ್ರ ಪರಿಹಾರ ಅಂತ ಹೇಳಿ ಹಿಂದಿನ ತೀರ್ಪನ್ನ ತೆಗೆದುಹಾಕಿದ್ರು. 'ಟೈಮ್ ವರ್ಸಸ್ ಹಿಲ್' (ಟೈಮ್ ಅಂದ್ರೆ 'ಲೈಫ್' ಪತ್ರಿಕೆಯ ಕಂಪನಿ, ಹಿಲ್ ಅಂದ್ರೆ ಆ ಸಂಸಾರದ ಹೆಸರು) ಅಂತ ಕಾನೂನು ಓದೋರು ಇವತ್ತಿಗೂ ಓದೋ ಕೇಸ್ ಅದು. ಪತ್ರಿಕಾ ಸ್ವಾತಂತ್ರ್ಯ ಬೇಕು, ನಿಮ್ಮಂಥ ಪತ್ರಿಕೆ ಓದೋ ನನಗೆ ಅದರ ಬೆಲೆ ಗೊತ್ತು, ಆದ್ರೆ ಆ ತಾಯಿ ತಂದೆ ಅಷ್ಟು ವರ್ಷ ಕೋರ್ಟಿಗೆ ಅಲೆದಿದ್ದು ನೆನೆಸ್ಕೊಂಡ್ರೆ ನನಗೆ ಸಂಕಟ ಆಗುತ್ತೆ.

ಇದೆಲ್ಲಾ ದೂರದ ಅಮೆರಿಕದ ಕಥೆ, ನಮಗ್ಯಾಕೆ ಅನ್ಬೇಡಿ. 2000ದ ಜುಲೈ 30ರ ರಾತ್ರಿ ಗಾಜನೂರಿನ ಮನೆಗೆ ವೀರಪ್ಪನ್ ನುಗ್ಗಿ ಡಾ. ರಾಜ್‌ಕುಮಾರ್ ಅವರನ್ನ ಕರ್ಕೊಂಡು ಹೋಗಿದ್ದು ನಮ್ಮ ತಲೆಮಾರಿನವರು ಯಾರೂ ಮರೆತಿಲ್ಲ. 108 ದಿನ. ಊಟ ಮುಗಿಸಿ ಕೂತಿದ್ದ ಮನೆಗೆ ಬಂದೂಕು ಹಿಡಿದವರು ಬರ್ತಾರೆ, ಪಾರ್ವತಮ್ಮನವರ ಕೈಗೆ ಸರ್ಕಾರಕ್ಕೆ ಕೊಡೋಕೆ ಅಂತ ಕ್ಯಾಸೆಟ್ ಕೊಡ್ತಾರೆ, ಗಂಡನನ್ನ ಕಾಡಿಗೆ ಕರ್ಕೊಂಡು ಹೋಗ್ತಾರೆ. ಆ ಹೆಣ್ಣುಮಗಳು ಆ ರಾತ್ರಿ ಬೆಂಗಳೂರಿಗೆ ಬಂದ ದಾರಿ ಹೆಂಗಿತ್ತು ಅನ್ನೋದನ್ನ ಯೋಚ್ನೆ ಮಾಡಿದ್ರೆ ಇವತ್ತಿಗೂ ಮೈ ಜುಮ್ ಅನ್ಸುತ್ತೆ. ಇದನ್ನ ಯಾರಾದ್ರೂ ಸಿನಿಮಾ ಮಾಡಿ, ಥ್ರಿಲ್ ಬೇಕು ಅಂತ ಆ ಮನೇಲಿ ಆಗದೇ ಇರೋ ಹೊಡೆದಾಟ, ಆ ಮನೆಯವರಿಗೆ ಆಗದೇ ಇರೋ ಅವಮಾನ ಸೇರಿಸಿದ್ರೆ ನಾವು ಸುಮ್ನೆ ಇರ್ತೀವಾ? ಹಾಗಿದ್ಮೇಲೆ ಪೆನ್ಸಿಲ್ವೇನಿಯಾದ ಮನೆಯವರಿಗೆ ಸೇರಿಸಿದ್ರೆ ಮಾತ್ರ ಯಾಕೆ 'ಸಾಲ್ದು, ಇನ್ನೂ ರಕ್ತ ಬೇಕಿತ್ತು' ಅಂತೀವಿ?

ಹೊಸದಾಗಿ ಮಾಡೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಹಿಂದಿಲಿ 1974ರಲ್ಲೇ ಇದೇ ಕಥೆ '36 ಘಂಟೆ' ಅಂತ ಬಂದಿತ್ತು, ಹಿಂದಿ ನಟ ರಾಜ್ ಕುಮಾರ್ ಮನೆ ಯಜಮಾನ, ನುಗ್ಗಿದವರಲ್ಲಿ ಸುನಿಲ್ ದತ್. ನಮ್ಮಲ್ಲೇ ಸುನೀಲ್ ಕುಮಾರ್ ದೇಸಾಯಿ 1993ರಲ್ಲಿ 'ನಿಷ್ಕರ್ಷ' ಮಾಡಿದಾಗ ಮಣಿಪಾಲದ ಕಟ್ಟಡದ ಒಳಗೆ ಬ್ಯಾಂಕ್ ಒತ್ತೆಯಾಳುಗಳ ಕಥೆನ ಎಷ್ಟು ಬಿಗಿಯಾಗಿ ಹಿಡಿದಿಟ್ಟಿದ್ರು, ಅದು ಮನೆ ಕಥೆ ಅಲ್ದೇ ಇದ್ರೂ ಒಂದೇ ಜಾಗದೊಳಗೆ ಕಥೆ ಕೂರಿಸೋದು ಹೆಂಗೆ ಅನ್ನೋದಕ್ಕೆ ನಮ್ಮ ಭಾಷೆಲೇ ಪಾಠ ಇದೆ. ಕನ್ನಡದಲ್ಲಿ ಯಾರಾದ್ರೂ ಮನೆಗೆ ನುಗ್ಗೋ ಥ್ರಿಲ್ಲರ್ ಮಾಡ್ತೀನಿ ಅಂದ್ರೆ ನಾನು ಮೊದಲ ದಿನವೇ ಟಿಕೆಟ್ ತಗೊಳ್ತೀನಿ. ಹಿತ್ತಲ ಬಾಗಿಲು, ಬೆಳಿಗ್ಗೆ ಹಾಲು ಹಾಕೋಕೆ ಬರೋ ಹುಡುಗ, ಕೆಲಸದಮ್ಮ, ಮಹಡಿ ಮೇಲಿನ ಬಾಡಿಗೆಯವರು, ಹೇಳದೇ ಕೇಳದೇ ಬರೋ ನೆಂಟರು, ಇವೆಲ್ಲಾ ಇರೋ ನಮ್ಮ ಮನೆಗಳಲ್ಲಿ ಗುಟ್ಟು ಮುಚ್ಚಿಡೋದು ಆ ಅಮೆರಿಕದ ಮನೆಗಿಂತ ನೂರು ಪಟ್ಟು ಕಷ್ಟ, ಅಷ್ಟೇ ಥ್ರಿಲ್ಲೂ ಸಿಗುತ್ತೆ.

ಸಂಪಾದಕರೇ, ನಿಮ್ಮಲ್ಲಿ ಒಂದು ವಿನಂತಿ. ಮುಂದಿನ ಸಲ ಇಂಥ ಸಿನಿಮಾಗಳ ಬಗ್ಗೆ ಓದುಗರ ಅಭಿಪ್ರಾಯ ಕೇಳುವಾಗ 'ಯಾವ ವಿಲನ್ ಬೆಸ್ಟ್' ಅಂತ ಕೇಳೋ ಜೊತೆಗೆ ಮನೆಯವರ ಪಾತ್ರ ಮಾಡಿದ ನಟ ನಟಿಯರ ಬಗ್ಗೆನೂ ಕೇಳಿ. 1955ರ ಸಿನಿಮಾದಲ್ಲಿ ತಾಯಿ ಪಾತ್ರ ಮಾಡಿದ ಮಾರ್ಥಾ ಸ್ಕಾಟ್ ಹೆಸರು ನಿಮ್ಮ ಎರಡು ಪುಟದಲ್ಲಿ ಒಂದು ಸಲವೂ ಬಂದಿಲ್ಲ. ಸಾಧ್ಯ ಆದ್ರೆ ಆ ಸುಪ್ರೀಂ ಕೋರ್ಟ್ ಕೇಸ್ ಬಗ್ಗೆ ಕಾನೂನು ಗೊತ್ತಿರೋರಿಂದ ಒಂದು ಲೇಖನ ಬರೆಸಿ ಪುರವಣಿಲಿ ಹಾಕಿ, ಸಿನಿಮಾ ನೋಡಿರೋರು ಖಂಡಿತ ಓದ್ತಾರೆ.

ಇಂತಿ ನಿಮ್ಮ ಓದುಗ,
ಸಾಗರ, ಶಿವಮೊಗ್ಗ ಜಿಲ್ಲೆ