ಬಾಗಿದ ಹೊಲಿಗೆ ಕಲಿಸಲು ಹೊರಟ ಅನಘಾಗೆ

ಪ್ರೀತಿಯ ಅನಘಾ,

ಅಮೆರಿಕದ ಹೂಸ್ಟನ್ ಕ್ವಿಲ್ಟ್ (ತುಂಡುಬಟ್ಟೆ ಕೂಡಿಸಿ ಹೊಲಿದ ಹೊದಿಕೆ) ಫೆಸ್ಟಿವಲ್‌ನಲ್ಲಿ ನಿನಗೆ ಮೂರು ಗಂಟೆಯ ಕ್ಲಾಸ್ ಸಿಕ್ಕಿದೆ ಎಂದು ಅಕ್ಕ ಫೋನಿನಲ್ಲಿ ಹೇಳಿದಾಗ ತುಂಬಾ ಖುಷಿಯಾಯಿತು. ನೀನು ಕಳಿಸಿದ ಪಾಠದ ಪ್ಲಾನ್ ನೋಡಿದೆ. ನೇರವಾಗಿ ಹೇಳಿಬಿಡುತ್ತೇನೆ, ಜಾಸ್ತಿ ಆಯಿತು. ಒಂದೇ ಕ್ಲಾಸಿನಲ್ಲಿ ಮೂರು ಬಾಗಿದ ವಿನ್ಯಾಸ: ಡ್ರಂಕರ್ಡ್ಸ್ ಪಾತ್, ಆರೆಂಜ್ ಪೀಲ್, ಕೊನೆಗೆ ಡಬಲ್ ವೆಡ್ಡಿಂಗ್ ರಿಂಗ್‌ನ ಒಂದು ಕಮಾನು! ಆ ರಿಂಗು 1930ರ ದಶಕದಲ್ಲಿ ಅಮೆರಿಕದ ಮನೆಮನೆಯಲ್ಲಿ ಓಡಾಡಿದ ವಿನ್ಯಾಸ ಅನ್ನೋದು ನಿಜ. ಆದರೆ ಅದರ ಒಂದೊಂದು ಕಮಾನಿನಲ್ಲೂ ಅಷ್ಟೊಂದು ತುಂಡು. ಅದನ್ನು ಬಿಡು. ಡ್ರಂಕರ್ಡ್ಸ್ ಪಾತ್ ಒಂದೇ ಇಟ್ಟುಕೋ. ಒಂದು ಕಾಲುವೃತ್ತ, ಅದನ್ನು ಅಪ್ಪಿಕೊಳ್ಳುವ ಒಂದು ಎಲ್ (L) ಆಕಾರದ ತುಂಡು, ನಡುವೆ ಒಂದೇ ಬಾಗಿದ ಹೊಲಿಗೆ. ಆ ಒಂದು ಹೊಲಿಗೆ ಕೈಗೆ ಹತ್ತಿದರೆ ಉಳಿದದ್ದನ್ನು ಅವರೇ ಮನೆಯಲ್ಲಿ ಮಾಡಿಕೊಳ್ಳುತ್ತಾರೆ.

ಕ್ವಿಲ್ಟ್ ಹೊಲಿಯುವವರ ಗಿಲ್ಡ್‌ನಲ್ಲಿ ಕಲಿಸಿದ್ದೀಯ, ನಿಜ. ಆದರೆ ಅಲ್ಲಿ ಎಲ್ಲರೂ ಪರಿಚಯದವರು, ಮಷೀನೂ ಅವರದ್ದೇ. ಹೂಸ್ಟನ್‌ನಲ್ಲಿ ಮಷೀನ್ ಕಂಪನಿಯವರು ಕ್ಲಾಸ್ ರೂಮಿನಲ್ಲಿ ಇಟ್ಟಿದ್ದು. ಅದನ್ನು ಆನ್ ಮಾಡೋದು ಎಲ್ಲಿ, ಬಾಬಿನ್ ಹಾಕೋದು ಹೇಗೆ ಎನ್ನುವುದರಲ್ಲೇ ಸಮಯ ಹೋಗುತ್ತದೆ. ಅದಕ್ಕೆ ಮೊದಲು ಒಂದು ಚಿಂದಿಯ ಮೇಲೆ ನೇರ ಹೊಲಿಗೆ ಹಾಕಿಸು. ಅಂಚಿಗೂ ಹೊಲಿಗೆಗೂ ನಡುವೆ ಬಿಡುವ ಕಾಲು ಇಂಚು ಸರಿಯಾಗಿ ಬರುತ್ತಾ ಅಂತ ಅವರೇ ಸ್ಕೇಲ್ ಇಟ್ಟು ನೋಡಲಿ. ಸೂಜಿ ನಿಂತಾಗ ಬಟ್ಟೆಯೊಳಗೇ ಇರುವಂತೆ ಸೆಟ್ ಮಾಡಿಸು. ಬಾಗಿದ ಹೊಲಿಗೆಯಲ್ಲಿ ಹೆಜ್ಜೆಹೆಜ್ಜೆಗೂ ನಿಲ್ಲಿಸಬೇಕಲ್ವಾ.

ಇನ್ನು ಮುಖ್ಯ ವಿಷಯ. ಎರಡು ತುಂಡುಗಳನ್ನೂ ಪಕ್ಕದಲ್ಲಿಟ್ಟ ಕೂಡಲೇ ಎಲ್ಲರ ಮುಖ ಚಿಕ್ಕದಾಗುತ್ತದೆ. 'ಇವು ಒಂದಕ್ಕೊಂದು ಸರಿಹೋಗಲ್ಲ, ನಾನೇ ತಪ್ಪು ಕತ್ತರಿಸಿದೆ' ಎಂದುಕೊಳ್ಳುತ್ತಾರೆ. ಆಗಲೇ ನೀನು ಬೋರ್ಡಿನ ಮೇಲೆ ಲೆಕ್ಕ ಬರಿ. ಹೊಲಿಗೆಯ ಗೆರೆ 3 ಇಂಚು ತ್ರಿಜ್ಯದ್ದು ಎಂದುಕೋ. ಸೀಮಿಗೆ ಬಿಡುವ ಆ ಕಾಲು ಇಂಚು ಸೇರಿಸಿದರೆ ಕಾಲುವೃತ್ತದ ಅಂಚು 3¼ ಇಂಚಿನಲ್ಲಿ, ಎಲ್ ತುಂಡಿನ ಅಂಚು 2¾ ಇಂಚಿನಲ್ಲಿ. ಅಂದರೆ ಒಂದರ ಅಂಚು ಸುಮಾರು 5.1 ಇಂಚು ಉದ್ದ, ಇನ್ನೊಂದರದ್ದು 4.3. ಮುಕ್ಕಾಲು ಇಂಚಿಗಿಂತ ಸ್ವಲ್ಪ ಜಾಸ್ತಿಯೇ ವ್ಯತ್ಯಾಸ. ಆದರೆ ಹೊಲಿಗೆಯ ಗೆರೆಯಲ್ಲಿ ಎರಡೂ 4.7 ಇಂಚೇ. ಅಂಚು ನೋಡಿದರೆ ಗಾಬರಿ, ಗೆರೆ ನೋಡಿದರೆ ಲೆಕ್ಕ ಸರಿ. ಇಷ್ಟು ಗೊತ್ತಾದರೆ ಅರ್ಧ ಭಯ ಹೋಗುತ್ತದೆ.

ಇದರಲ್ಲಿ ಇನ್ನೊಂದು ಗುಟ್ಟಿದೆ. ವೃತ್ತ ಎಷ್ಟೇ ದೊಡ್ಡದಾಗಲಿ, ಅಂಚುಗಳ ವ್ಯತ್ಯಾಸ ಅಷ್ಟೇ ಇರುತ್ತದೆ. 6 ಇಂಚು ತ್ರಿಜ್ಯದ ಕಾಲುವೃತ್ತದಲ್ಲಿ ಅದೇ ಮುಕ್ಕಾಲು ಇಂಚು ಚಿಲ್ಲರೆ ಒಂಬತ್ತು ಇಂಚಿಗೂ ಮಿಕ್ಕ ಹೊಲಿಗೆಯುದ್ದಕ್ಕೆ ಹಂಚಿಹೋಗುತ್ತದೆ. ಅದಕ್ಕೇ ದೊಡ್ಡ ಬಾಗು ಸುಲಭ, ಚಿಕ್ಕದು ಕಷ್ಟ. ನಿನ್ನ ಪ್ಲಾನಿನಲ್ಲಿ 2 ಇಂಚಿನಿಂದ ಶುರು ಮಾಡಿದ್ದೀಯ. ಚಿಕ್ಕ ಬ್ಲಾಕ್ (ಎರಡು ತುಂಡು ಕೂಡಿದ ಚೌಕ) ಬೇಗ ಮುಗಿಯುತ್ತದೆ ಎಂದುಕೊಂಡಿರಬೇಕು. ಅದನ್ನು ತಿರುಗಿಸು. ಮೊದಲ ಬ್ಲಾಕ್ ದೊಡ್ಡದಿರಲಿ, ಅದರ ಎರಡೂ ತುಂಡುಗಳನ್ನು ನೀನೇ ಮನೆಯಲ್ಲಿ ಕತ್ತರಿಸಿ ಕವರಿನಲ್ಲಿ ಹಾಕಿಕೊಡು. ಟೆಂಪ್ಲೇಟ್ ಇಟ್ಟು ಕತ್ತರಿಸುವ ಪಾಠ ಆಮೇಲೆ. ಕತ್ತರಿಸುವಾಗ 45 ಮಿಲಿಮೀಟರ್ ರೋಟರಿ ಕಟರ್ (ಗುಂಡು ಬ್ಲೇಡಿನ ಕಟರ್) ಬಾಗಿನಲ್ಲಿ ಸಲೀಸಾಗಿ ತಿರುಗಲ್ಲ. 28ರದ್ದು ತನ್ನಿ ಎಂದು ಸಾಮಾನಿನ ಪಟ್ಟಿಯಲ್ಲಿ ಬರೆದುಬಿಡು.

ಎರಡು ತುಂಡನ್ನೂ ಮಡಚಿ ನಡುಬಿಂದುವಿಗೆ ಉಗುರಿನಿಂದ ಗೀರು ಹಾಕಿಸು. ಎಲ್ ತುಂಡು ಮೇಲೆ, ಕಾಲುವೃತ್ತ ಕೆಳಗೆ. ನಡುವೆ ಒಂದು ಪಿನ್, ಎರಡು ತುದಿಗೆ ಒಂದೊಂದು. ಈಗ ಮೇಲಿನ ಬಟ್ಟೆ ಅಲ್ಲಲ್ಲಿ ಎದ್ದು ನಿಲ್ಲುತ್ತದೆ, ನಿಲ್ಲಲಿ. ಎಡಗೈ ಬೆರಳಿನಿಂದ ಅದನ್ನು ಸರಿಸುತ್ತಾ ಸೂಜಿಯ ಮುಂದಿನ ಅರ್ಧ ಇಂಚು ಮಾತ್ರ ಸಪಾಟು ಮಾಡಿಕೊಳ್ಳಬೇಕು, ಅದಕ್ಕಿಂತ ಮುಂದೆ ನೋಡಬಾರದು. ಎಳೆಯಬೇಡಿ ಅಂತ ಮಾತ್ರ ಮತ್ತೆ ಮತ್ತೆ ಹೇಳು. ಬಾಗಿನ ನಡುಭಾಗದಲ್ಲಿ ಬಟ್ಟೆ ಓರೆ ಎಳೆಯಲ್ಲಿರುತ್ತದೆ, ಸ್ವಲ್ಪ ಎಳೆದರೂ ಸಡಿಲವಾಗುತ್ತದೆ. ರವಿಕೆಗೆ ತೋಳು ಕೂಡಿಸಿ ಅಭ್ಯಾಸ ಇರುವವರಿಗೆ ಇದು ಹೊಸದಲ್ಲ. ಬಟ್ಟೆ ಹೊಲಿದು ಗೊತ್ತಿರುವವರು ಯಾರಿದ್ದಾರೆ ಎಂದು ಮೊದಲೇ ಕೇಳಿಕೋ, ಪಕ್ಕದವರಿಗೆ ಅವರೇ ತೋರಿಸುತ್ತಾರೆ.

ಪಿನ್ ಇಲ್ಲದೆ ಹೊಲಿಯುವವರು ಒಬ್ಬರಾದರೂ ಇರುತ್ತಾರೆ. 'ನಾನು ಮೂವತ್ತು ವರ್ಷದಿಂದ ಹೀಗೇ' ಅನ್ನುತ್ತಾರೆ. ಸುಮ್ನೆ ಬಿಟ್ಟುಬಿಡು. ಬ್ಲಾಕ್ ಚೌಕವಾಗಿ ಬಂದರೆ ಅವರ ದಾರಿಯೂ ದಾರಿಯೇ.

ನೀನು ತೋರಿಸುವ ಮಾದರಿಗೆ ಬಣ್ಣದ ಪ್ರಿಂಟ್ ಬೇಡ. ಒಂದು ತಿಳಿ, ಒಂದು ಗಾಢ, ದಾರ ಎದ್ದು ಕಾಣುವ ಕೆಂಪು. ಕೊನೆಯ ಸಾಲಿಗೂ ಕಾಣಬೇಕು, ಅಲ್ಲಿ ಕೂರುವವರಲ್ಲಿ ಅರವತ್ತು ದಾಟಿದವರೂ ಇರುತ್ತಾರೆ. ಪಿನ್ ಹಾಕಿದ್ದು, ಅರ್ಧ ಹೊಲಿದದ್ದು, ಎಲ್ ಕಡೆಗೆ ಇಸ್ತ್ರಿ ಮಾಡಿದ್ದು, ಹೀಗೆ ಪ್ರತಿ ಹಂತದ್ದೂ ಒಂದೊಂದು ಮಾಡಿಕೊಂಡು ಹೋಗು. ಸ್ವಲ್ಪ ಸುಕ್ಕು ಬಂದದ್ದನ್ನೂ ಇಡು, ಬರೀ ಚೆಂದದ್ದು ನೋಡಿದರೆ ಜನ ಹೆದರುತ್ತಾರೆ.

ಅಜ್ಜಿಯ ಕೌದಿ ಒಯ್ಯಲಾ ಎಂದು ಕೇಳಿದ್ದೀಯ. ಒಯ್ಯಿ, ಗೋಡೆಗೆ ತೂಗುಹಾಕು. ಆದರೆ ಪಾಠದ ಮಧ್ಯೆ ಅದನ್ನು ತರಬೇಡ. ಕೌದಿಯಲ್ಲಿ ಹಳೆ ಸೀರೆಯ ಪದರದ ಮೇಲೆ ತುಂಡು ಇಟ್ಟು, ಮೇಲಿಂದ ಓಟದ ಹೊಲಿಗೆ ಹಾಕುತ್ತಾರೆ. ಅಂಚಿಗೆ ಅಂಚು ಕೂಡಿಸುವ ಗೋಜೇ ಇಲ್ಲ. ನಿನ್ನ ಪಾಠವೋ ಪೂರ್ತಿ ಅದೇ ಗೋಜಿನದ್ದು. ಹಳಿಯಾಳದ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿ ಎಂಬ ಕೌದಿಯ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತಾರೆ, ಅಮೆರಿಕದಲ್ಲಿ ಅದರ ಪ್ರದರ್ಶನಗಳೂ ಆಗಿವೆ. ಆ ಮಾತೆಲ್ಲ ಕ್ಲಾಸ್ ಮುಗಿದ ಮೇಲೆ, ಸಾಮಾನು ಕಟ್ಟುತ್ತಾ ಆಡು.

ಕನ್ವೆನ್ಷನ್ ಸೆಂಟರ್ ಒಳಗೆ ನಡೆಯುವ ದೂರ ಜಾಸ್ತಿ, ಗಾಲಿ ಇರುವ ಪೆಟ್ಟಿಗೆಯೇ ತಗೋ. ಎಸಿಗೆ ಒಂದು ಸ್ವೆಟರ್ ಇರಲಿ. ಹಂಚುವ ಕಾಗದವನ್ನು ಪ್ರಿಂಟ್ ಮಾಡಿಸುವ ಮೊದಲು ನನಗೆ ಕಳಿಸು. ಟೆಂಪ್ಲೇಟಿನ ಚಿತ್ರ ಪ್ರಿಂಟರಿನಲ್ಲಿ ಒಂದು ಎಳೆ ಚಿಕ್ಕದಾದರೂ ಎಲ್ಲರ ಬ್ಲಾಕೂ ಕೆಡುತ್ತದೆ. ಪಕ್ಕದಲ್ಲಿ ಒಂದು ಇಂಚಿನ ಚೌಕ ಬರೆದಿರು, ಅಳೆದು ನೋಡಿ ಹೇಳುತ್ತೇನೆ.

ಇಂತಿ ನಿನ್ನ
ಚಿಕ್ಕಮ್ಮ